ಹೊಳೆಗೆ ಬೆನ್ನು ಹಾಕಿ ಕೂತವರು

ಹೊಳೆ ದಂಡೆಯ ಮೇಲೆ ಕಪನಯ್ಯನವರ ಆಶ್ರಮ. ಆಶ್ರಮ ಅಂದಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಎರಡು ಹೆಂಚಿನ ಕೋಣೆ, ಒಂದು ತಗಡಿನ ಶೆಡ್ಡು, ನೀರಿಗಿಳಿಯುವ ಮೆಟ್ಟಿಲು. ಪೀಠವಿಲ್ಲ, ಪಲ್ಲಕ್ಕಿಯಿಲ್ಲ, ಕಾಲಿಗೆ ಬೀಳುವವರ ಸಾಲಿಲ್ಲ.

ಅಲ್ಲಿ ಪಾಠಕ್ಕಿಂತ ಕೆಲಸ ಹೆಚ್ಚು. ಕೆಲಸಕ್ಕೆ ಒಂದೇ ಕಟ್ಟಳೆ. ಮಾಡಿದವರೇ ಮೊದಲು.

ಅಡಿಗೆ ಮಾಡಿದವರು ಮೊದಲು ಉಣ್ಣಬೇಕು, ಗುರು ಆಮೇಲೆ. ಮಂಚ ಹೆಣೆದವರು ಮೊದಲು ಮಲಗಬೇಕು. ಹಗ್ಗ ಹೊಸೆದವರು ಅದನ್ನೇ ಹಿಡಿದು ಮೊದಲು ಬಾವಿಗಿಳಿಯಬೇಕು.

ಗುರುವಿಗಿಂತ ಮುಂಚೆ ಶಿಷ್ಯರು ಉಣ್ಣುವುದನ್ನು ಕಂಡು ಊರಿನ ದೊಡ್ಡವರು ಮುಖ ಸಿಂಡರಿಸಿದ್ದರು. ಕಪನಯ್ಯ ಅವರನ್ನೂ ಊಟಕ್ಕೆ ಕರೆದರು. ಬಂದವರು ಅಡಿಗೆ ಮಾಡಬೇಕು ಅಂದರು. ಒಬ್ಬರೂ ಬರಲಿಲ್ಲ.

ಹೊಳೆಯ ಮೇಲ್ಗಡೆ ಅಣೆಕಟ್ಟು. ಗೇಟು ತೆಗೆದಾಗಲೆಲ್ಲ ನೀರು ಒಮ್ಮೆಲೇ ಏರುತ್ತಿತ್ತು. ತೆಗೆಯುವ ಮುಂಚೆ ಕೆಳಗಿನ ಊರುಗಳಿಗೆ ತಿಳಿಸಬೇಕು ಅಂತ ಕಾನೂನಿತ್ತು. ಕಾನೂನು ಕಚೇರಿಯಲ್ಲೇ ಬೆಚ್ಚಗಿತ್ತು. ಹಿಂದಿನ ಮಳೆಗಾಲದಲ್ಲಿ ಹೊಳೆ ಒಂದು ಎಮ್ಮೆಯನ್ನೂ ಒಬ್ಬ ಮುದುಕನನ್ನೂ ಒಯ್ದಿತ್ತು. ಎಮ್ಮೆಗೆ ಪರಿಹಾರ ಬಂತು. ಮುದುಕ ತಾನಾಗಿಯೇ ಈಜಲು ಹೋಗಿದ್ದ ಅಂತ ಬರೆದುಕೊಂಡು ಹೋದರು.

ಅದಕ್ಕೇ ಆಶ್ರಮದ ಇಬ್ಬರು ಶಿಷ್ಯರು ಸೇರಿ ಒಂದು ಸೈರನ್ನು ಮಾಡಿದರು. ನೀರು ಏರಿದರೆ ತಾನಾಗಿಯೇ ಕೂಗುವ ಸೈರನ್ನು.

ಪ್ರೋಗ್ರಾಮು ಬರೆದವಳು ದಾಕ್ಷಾಯಿಣಿ. ಪಿಯುಸಿ ಮುಗಿಸಿದ್ದಳು, ಲೆಕ್ಕದಲ್ಲಿ ಇಡೀ ಕಾಲೇಜಿಗೆ ಮೊದಲು.

ಉಳಿದದ್ದನ್ನು ಮಾಡಿದವನು ಶಿವಸಿದ್ದ. ಡಿಪ್ಲೊಮಾ ಓದುತ್ತಿದ್ದ. ಹೊಳೆಯ ತಿರುವಿನಲ್ಲಿ ಕಬ್ಬಿಣದ ಪೈಪು ನೆಟ್ಟ. ಪೈಪಿನೊಳಗೆ ತೇಲುವ ಡಬ್ಬಿ ಇಟ್ಟ. ಅಲ್ಲಿಂದ ಶೆಡ್ಡಿನ ತನಕ ತಂತಿ ಎಳೆದ. ಶೆಡ್ಡಿನ ಮೇಲೆ ಸೈರನ್ನು ಕೂರಿಸಿದ.

ಕೂಗುತ್ತದೆಯೋ ನೋಡಲು ಶಿವಸಿದ್ದ ಡಬ್ಬಿಯನ್ನು ಕೈಯಲ್ಲಿ ಎತ್ತಿ ಹಿಡಿದ. ಸ್ವಲ್ಪ ಹೊತ್ತಾದ ಮೇಲೆ ಸೈರನ್ನು ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಪನಯ್ಯ ತಟ್ಟಲಿಲ್ಲ. ಮೆಟ್ಟಿಲಿನಾಚೆ, ಮೊಣಕಾಲುದ್ದ ನೀರಿನಲ್ಲಿ ಒಂದು ಬಂಡೆಯಿತ್ತು. ಅದನ್ನು ತೋರಿಸಿದರು.

"ಮಾಡಿದೋರು ಅಲ್ಲಿ ಕೂತ್ಕೊಳ್ಳಿ. ಹೊಳೆಗೆ ಬೆನ್ನು ಹಾಕಿ. ದಿನಾ ಬೆಳಗ್ಗೆ, ಅಣೆಕಟ್ಟಿನ ಮೊದಲನೇ ನೀರು ಬರೋ ತನಕ."

ದಾಕ್ಷಾಯಿಣಿ ನಕ್ಕಳು. "ಬುದ್ಧಿ, ನಾನು ಬರೆದಿದ್ದು ಬರೀ ತರ್ಕ. ತರ್ಕಕ್ಕೆ ಮೈ ಎಲ್ಲಿದೆ, ಬಂಡೆ ಮೇಲೆ ಕೂರಿಸೋಕೆ? ಹೊಳೇಲಿ ನಿಂತಿರೋದು ಸಿದ್ದನ ಪೈಪು."

ಶಿವಸಿದ್ದ ತಲೆ ಕೆರೆದುಕೊಂಡ. "ನಂದು ಪೈಪು ಅಷ್ಟೇ, ಬುದ್ಧಿ. ಯಾವಾಗ ಕೂಗಬೇಕು ಅಂತ ಹೇಳೋದು ಅವಳ ಪ್ರೋಗ್ರಾಮು."

ಕಪನಯ್ಯ ಇಬ್ಬರ ಮುಖವನ್ನೂ ನೋಡಿದರು.

"ಹಂಗಾದ್ರೆ ಇದನ್ನ ಮಾಡಿದೋರು ಯಾರೂ ಇಲ್ಲ. ಸರಿ, ನಾನು ಕೂತ್ಕೋತೀನಿ."

ಮಾರನೆಯ ಬೆಳಗ್ಗೆಯಿಂದಲೇ ಕೂತರು. ಬಿಳಿ ಪಂಚೆ, ಹೆಗಲ ಮೇಲೊಂದು ಟವಲು, ಬೆನ್ನಿಗೆ ಇಡೀ ಹೊಳೆ.

ಅವರು ಕೂತದ್ದನ್ನು ಕಂಡು ಚೆನ್ನಾಜಮ್ಮನಿಗೂ ಧೈರ್ಯ ಬಂತು. ಬಂಡೆಯ ಪಕ್ಕದ ಕಲ್ಲಿನ ಮೇಲೆ ಊರವರ ಬಟ್ಟೆ ಒಗೆದು ಬದುಕುವವಳು ಅವಳು. ಅವಳೂ ಹೊಳೆಗೆ ಬೆನ್ನು ಹಾಕಿದಳು.

ಹೀಗೇ ಕೆಲವು ದಿನ ಕಳೆದವು. ಒಂದು ಬೆಳಗ್ಗೆ ದಾಕ್ಷಾಯಿಣಿ ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಕೊನೆಯ ಮೆಟ್ಟಿಲ ಮೇಲೆ ನಿಂತಳು.

"ಬುದ್ಧಿ, ಇವತ್ತು ಸಂಜೆಯೊಳಗೆ ಒತ್ತಬೇಕು."

"ಯಾರ ಕುತ್ತಿಗೇನ?"

"ಫೋನಲ್ಲಿರೋ ಗುಂಡೀನ ಬುದ್ಧಿ. ಒಂದೇ ಕಾಲೇಜಲ್ಲಿ ಎರಡು ಸೀಟು ತೋರಿಸ್ತಿದೆ. ಒಂದು ಕಂಪ್ಯೂಟರ್ ಸೈನ್ಸು, ಇನ್ನೊಂದು ಕಂಪ್ಯೂಟರ್ ಎಂಜಿನಿಯರಿಂಗು. ಒಂದನ್ನ ಒತ್ತಿದ್ರೆ ಇನ್ನೊಂದು ಹೋಯ್ತು. ಒತ್ತದೇ ಇದ್ರೆ ಎರಡೂ ಹೋಯ್ತು."

"ಎರಡಕ್ಕೂ ಏನು ವ್ಯತ್ಯಾಸ?"

"ಸೈನ್ಸಲ್ಲಿ ಪ್ರೋಗ್ರಾಮು, ಲೆಕ್ಕ, ತರ್ಕ. ಎಂಜಿನಿಯರಿಂಗಲ್ಲಿ ಅದರ ಜೊತೆಗೆ ಚಿಪ್ಪು, ಬೋರ್ಡು, ತಂತಿ, ಬೆಸುಗೆ."

"ಯಾರನ್ನ ಕೇಳಿದೆ?"

"ಎಲ್ಲರನ್ನೂ ಕೇಳಿದೆ."

ಎಲ್ಲರೂ ಹೇಳಿದ್ದರು ಕೂಡ. ಕಂಪ್ಯೂಟರಿನ ಮುಚ್ಚಳ ತೆಗೆದು ನೋಡದವರೇ ಹೆಚ್ಚು ಗಟ್ಟಿಯಾಗಿ ಹೇಳಿದ್ದರು. ಸೈನ್ಸ್ ಅಂತಿದ್ದರೆ ಮದುವೆ ಕಾಗದದಲ್ಲಿ ಚೆನ್ನಾಗಿ ಕಾಣುತ್ತೆ ಅಂದಿದ್ದ ಸೋದರಮಾವ. ಎಸಿ ರೂಮಲ್ಲಿ ಕೂರಿಸುವುದು ಯಾವುದೋ ಅದನ್ನು ತಗೋ ಅಂದಿದ್ದ ಅಪ್ಪ. ಯಾವುದಕ್ಕೆ ಬೇಗ ಕೆಲಸ ಅಂತ ಕೇಳಿದಳು ಅತ್ತೆ. ಯಾವುದು ನಿನಗೆ ಇಷ್ಟ ಅಂತ ಕೇಳಿದವರು ಒಬ್ಬರೂ ಇಲ್ಲ. ದಾಕ್ಷಾಯಿಣಿಯೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ನಮ್ಮ ಲೆಕ್ಚರರ್ರು ಮಾತ್ರ ಸರಿಯಾಗಿ ಹೇಳಿದ್ರು ಬುದ್ಧಿ. ಸೈನ್ಸ್ ಅಂದ್ರೆ ತಲೆ, ಎಂಜಿನಿಯರಿಂಗ್ ಅಂದ್ರೆ ಕೈ. ನೀನು ತಲೆಯವಳು, ಕೈಕೆಲಸ ಮಾಡೋಕೆ ಬೇರೆಯವರಿದ್ದಾರೆ ಅಂದ್ರು."

ಹೇಳುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಯಿತು.

ಒಬ್ಬರನ್ನು ತಲೆ, ಇನ್ನೊಬ್ಬರನ್ನು ಕೈ ಅಂತ ಬೇರೆ ಮಾಡುವುದು ಈ ನೆಲಕ್ಕೆ ಹೊಸ ವಿದ್ಯೆಯಲ್ಲ. ಹಳೆಯ ರೋಗ. ಈಗ ಗಾಜಿನ ಕಟ್ಟಡದಲ್ಲಿ ಹೊಸ ಬೋರ್ಡು ಹಾಕಿಕೊಂಡು ಕೂತಿದೆ, ಅಷ್ಟೇ.

"ಹಂಗೋ?" ಅಂದರು ಕಪನಯ್ಯ. "ಸರಿ. ಇವತ್ತು ಮಧ್ಯಾಹ್ನ ಮುದ್ದೆ ತಲೇಲೇ ಉಣ್ಣು."

ಚೆನ್ನಾಜಮ್ಮ ಬಟ್ಟೆ ಬಡಿಯುವುದನ್ನು ಬಿಟ್ಟು ಕಿಸಕ್ಕನೆ ನಕ್ಕಳು. "ಸಾರಿಗೆ ಮೂಗು ಅದ್ದಿಬಿಟ್ಟೀಯ ಕಣವ್ವಾ, ಉಸಿರು ಕಟ್ಟೀತು!"

ದಾಕ್ಷಾಯಿಣಿಗೆ ರೇಗಿತು. "ತಮಾಷೆ ಬೇಡ ಬುದ್ಧಿ. ನನ್ನ ಬದುಕಿನ ಪ್ರಶ್ನೆ ಇದು. ನೀವು ಹೇಳಿದ್ದನ್ನ ಒತ್ತುತೀನಿ. ಯಾವುದು ಹೇಳಿ."

ಕಪನಯ್ಯ ಬಾಯಿ ತೆರೆದರು.

ಆಗಲೇ ಅವಳಿಗೆ ಅದು ಕಂಡಿತು.

ಕಪನಯ್ಯನವರ ಹೆಗಲಿನಾಚೆ, ಹೊಳೆಯ ತಿರುವಿನಲ್ಲಿ, ನೀರಿನ ಬಣ್ಣ ಬದಲಾಗಿತ್ತು. ಕೆಂಚು ಬಣ್ಣ. ಅದರ ಮುಂದೆ ನೊರೆಯ ಒಂದು ಗೆರೆ. ಗೆರೆಯಲ್ಲಿ ಕಸ, ಕಡ್ಡಿ, ಬೇರುಸಹಿತ ಕಿತ್ತುಬಂದ ಒಂದು ಗಿಡ. ಗಿಡ ಉರುಳುತ್ತಾ ಉರುಳುತ್ತಾ ಬರುತ್ತಿತ್ತು.

ದಾಕ್ಷಾಯಿಣಿ ನೋಡಿದಳು. ಚೆನ್ನಾಗಿಯೇ ನೋಡಿದಳು.

ಆಮೇಲೆ ತಿರುಗಿ ಶೆಡ್ಡಿನ ಮೇಲಿದ್ದ ಸೈರನ್ನಿನ ಕಡೆ ನೋಡಿದಳು.

ಸೈರನ್ನು ಸುಮ್ಮನಿತ್ತು. ಅದರ ಮೇಲೊಂದು ಕಾಗೆ ಕೂತಿತ್ತು.

ಸೈರನ್ನು ಕೂಗಿಲ್ಲ. ಹಾಗಾದರೆ ನೀರು ಬಂದಿಲ್ಲ. ಅವಳ ತಲೆ ಹೇಳಿದ್ದು ಇಷ್ಟೇ. ಕಣ್ಣು ಒಂದು ಹೇಳುತ್ತಿತ್ತು, ಅವಳೇ ಬರೆದ ಪ್ರೋಗ್ರಾಮು ಇನ್ನೊಂದು ಹೇಳುತ್ತಿತ್ತು. ಅವಳು ಪ್ರೋಗ್ರಾಮನ್ನು ನಂಬಿದಳು. ಬಾಯಿ ತೆರೆಯಲಿಲ್ಲ.

ಕಪನಯ್ಯ ಅವಳ ಮುಖ ನೋಡಿದರು. ಥಟ್ಟನೆ ಹಿಂದಕ್ಕೆ ತಿರುಗಿದರು.

ಅವರೊಬ್ಬರೇ ಆಗಿದ್ದರೆ ಎರಡು ನೆಗೆತಕ್ಕೆ ಮೆಟ್ಟಿಲು ಸಿಗುತ್ತಿತ್ತು. ಅವರು ಮೆಟ್ಟಿಲ ಕಡೆ ನೆಗೆಯಲಿಲ್ಲ. ಚೆನ್ನಾಜಮ್ಮನ ಕಡೆ ನೆಗೆದರು. ಅವಳ ಎರಡೂ ತೋಳು ಹಿಡಿದು ಮೂಟೆಯಂತೆ ಮೆಟ್ಟಿಲಿಗೆ ಎಸೆದರು.

ಚೆನ್ನಾಜಮ್ಮನ ಕೈಗೆ ದಾಕ್ಷಾಯಿಣಿಯ ಕಾಲು ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡಳು. ದಾಕ್ಷಾಯಿಣಿ ಹಿಂದಕ್ಕೆ ಬಿದ್ದಳು. ಫೋನು ಕೈಜಾರಿ ಮೇಲಿನ ಮೆಟ್ಟಿಲಿಗೆ ಹೋಗಿ ಬಿತ್ತು.

ಎದ್ದು ನೋಡಿದರೆ ಬಂಡೆಯಿಲ್ಲ. ಒಗೆಯುವ ಕಲ್ಲಿಲ್ಲ. ಕಪನಯ್ಯನವರೂ ಇಲ್ಲ.

ಕೆಂಪು ನೀರು ಮಾತ್ರ ಇತ್ತು.

ಕೂಗಿದವಳು ಚೆನ್ನಾಜಮ್ಮ. "ಸಿದ್ದಾ! ಲೋ ಸಿದ್ದಾ! ಅಯ್ಯನ್ನ ಹೊಳೆ ತಗೊಂಡೋಯ್ತೋ!"

ಶಿವಸಿದ್ದ ಶೆಡ್ಡಿನಿಂದ ಹಗ್ಗ ಎತ್ತಿಕೊಂಡು ಓಡಿದ. ಅವನೇ ಹೊಸೆದ ಹಗ್ಗ. ಅವನೇ ಹಿಡಿದು ಬಾವಿಗಿಳಿದಿದ್ದ ಹಗ್ಗ. ಅದರ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಹೊಂಗೆ ಮರಕ್ಕೆ ಸುತ್ತಿದ. ಸುತ್ತಿ ನೀರಿಗೆ ಹಾರಿದ.

ಸ್ವಲ್ಪ ಕೆಳಗೆ, ದೋಣಿ ಕಟ್ಟುತ್ತಿದ್ದ ಹಳೆಯ ಸರಪಳಿಗೆ ಕಪನಯ್ಯ ಒಂದೇ ಕೈಯಲ್ಲಿ ನೇತುಬಿದ್ದಿದ್ದರು. ಇನ್ನೊಂದು ಕೈ ನೀರಿನಲ್ಲಿ ಚಿಂದಿ ಬಟ್ಟೆಯ ಹಾಗೆ ಅಲ್ಲಾಡುತ್ತಿತ್ತು.

ಹೇಗೆ ಎಳೆದರೋ ದೇವರಿಗೇ ಗೊತ್ತು. ಚೆನ್ನಾಜಮ್ಮನೂ ಹಗ್ಗ ಹಿಡಿದಳು. ದಾಕ್ಷಾಯಿಣಿಯೂ ಹಿಡಿದಳು. ಅಂಗೈ ಸುಲಿದು ರಕ್ತ ಬಂತು. ಅದು ಅವಳಿಗೆ ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ.

ಕಪನಯ್ಯನವರನ್ನು ದಂಡೆಗೆ ತಂದು ಮಲಗಿಸಿದರು. ಅವರು ಮಗ್ಗುಲಾಗಿ ನೀರು ಕಕ್ಕಿದರು. ಕಣ್ಣು ಬಿಟ್ಟರು.

ಆಗ ಸೈರನ್ನು ಕೂಗಿತು.

ಇಡೀ ದಂಡೆ ನಡುಗುವ ಹಾಗೆ ಕೂಗಿತು. ಕಾಗೆ ಹಾರಿಹೋಯಿತು. ಊರಿನಿಂದ ಜನ ಓಡಿಬಂದರು. ಸೈರನ್ನು ಕೂಗುತ್ತಲೇ ಇತ್ತು. ಅಷ್ಟು ಚೆನ್ನಾಗಿ ಅದು ಯಾವತ್ತೂ ಕೂಗಿರಲಿಲ್ಲ.

ಚೆನ್ನಾಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದರ ಕಡೆ ತಿರುಗಿದಳು. ಮೈಯಿಂದ ನೀರಿಳಿಯುತ್ತಿತ್ತು.

"ಬಾರವ್ವ, ಈಗ ಬಂದ್ಯಾ? ಹೆಣ ಎತ್ತಿ ಹಾಲು ತುಪ್ಪ ಮುಗಿದ ಮೇಲೆ ಎದೆ ಬಡ್ಕೊಳೋಕೆ ಬಂದ ನಾದಿನಿ ಕಣೆ ನೀನು!"

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ. ದಾಕ್ಷಾಯಿಣಿಯ ಕಡೆ ತಿರುಗಿದಳು.

"ಇದು ಇಲ್ಲದಿದ್ದಾಗ ನಾನು ಒಂದು ಬಟ್ಟೆ ಬಡಿದು ಒಂದು ಸಲ ಹಿಂದಕ್ಕೆ ನೋಡ್ತಿದ್ದೆ ಕಣವ್ವ. ಕತ್ತು ನೋಯೋದು. ಆದ್ರೂ ನೋಡ್ತಿದ್ದೆ. ನೀವು ಬಂದು, ಇನ್ನ ನೋಡಬೇಡ ಚೆನ್ನಾಜಮ್ಮ, ಇದು ಕೂಗ್ತದೆ ಅಂದ್ರಿ. ಓದಿದ ಮಕ್ಕಳು ಅಂತ ನಂಬಿದೆ. ಬೆನ್ನು ಹಾಕಿದೆ."

ಅಷ್ಟು ಹೇಳಿ ಹೋದಳು. ಒಗೆಯಲು ತಂದಿದ್ದ ಊರವರ ಬಟ್ಟೆಯೆಲ್ಲ ಹೊಳೆ ಪಾಲಾಗಿತ್ತು. ಮನೆಮನೆಗೆ ಹೋಗಿ ಅದನ್ನು ಹೇಳಬೇಕಾದವಳು ಅವಳೇ.

ಮೂಳೆ ಕಟ್ಟುವವರು ಬಂದು ಕಪನಯ್ಯನವರ ತೋಳಿಗೆ ಬಿದಿರಿನ ದಬ್ಬೆ ಕಟ್ಟಿ ಹೋದರು. ಶೆಡ್ಡಿನಲ್ಲಿ ಮಂಚ ಹಾಕಿ ಅವರನ್ನು ಮಲಗಿಸಿದರು. ನೀರು ಇಳಿಯಿತು. ಬಂಡೆ ಮತ್ತೆ ತಲೆ ಎತ್ತಿತು, ಏನೂ ಆಗಿಲ್ಲವೆಂಬಂತೆ.

ದಾಕ್ಷಾಯಿಣಿ ಲ್ಯಾಪ್‌ಟಾಪು ತೆರೆದು ಕೂತಳು. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಓದಿದಳು. ನೀರಿನ ಮಟ್ಟವನ್ನು ತಾನೇ ಟೈಪು ಮಾಡಿ ಕೊಟ್ಟು ನೋಡಿದಳು. ತಪ್ಪಿರಲಿಲ್ಲ.

ಶಿವಸಿದ್ದ ಪೈಪು ಕಿತ್ತು ತಂದ. ಡಬ್ಬಿ ನೋಡಿದ, ತಂತಿ ನೋಡಿದ, ಬೆಸುಗೆ ನೋಡಿದ. ತಪ್ಪಿರಲಿಲ್ಲ.

"ನಂದು ಸರಿ ಇದೆ ಬುದ್ಧಿ," ಅಂದಳು ಅವಳು.

"ನಂದೂ ಸರಿ ಇದೆ," ಅಂದ ಅವನು.

"ಹಂಗಾದ್ರೆ ತಪ್ಪು ನಂದೇ," ಅಂದರು ಕಪನಯ್ಯ. "ನಾನು ಒದ್ದೆ ಆಗಬಾರದಾಗಿತ್ತು."

ಇಬ್ಬರೂ ತಲೆ ತಗ್ಗಿಸಿದರು.

"ಲೋ ಸಿದ್ದ, ಅವಳ ಲ್ಯಾಪ್‌ಟಾಪು ನೀನು ತಗೋ. ಮಗಾ, ಅವನ ಪೈಪು ನೀನು ತಗೋ. ಏನು ಕಾಣ್ತದೋ ಹೇಳಿ."

"ನನಗೆ ಪೈಪಿನ ವಿಷಯ ಏನು ಗೊತ್ತು ಬುದ್ಧಿ?"

"ಕಣ್ಣಿದೆಯಲ್ಲ. ಬೆಳಗ್ಗೆ ಉಪಯೋಗಿಸಲಿಲ್ಲ. ಈಗ ಉಪಯೋಗಿಸು."

ಮಾತು ಕೆನ್ನೆಗೆ ಹೊಡೆದ ಹಾಗೆ ಬಿತ್ತು. ಅವರಿಗೆ ಗೊತ್ತಾಗಿದೆಯೇ? ಅವಳು ನೀರನ್ನು ನೋಡಿಯೂ ಸುಮ್ಮನಿದ್ದದ್ದು ಗೊತ್ತಾಗಿದೆಯೇ? ಕೇಳಲು ಧೈರ್ಯ ಬರಲಿಲ್ಲ.

ಅವಳು ಪೈಪಿನ ಮುಂದೆ ಕೂತಳು. ಅದನ್ನು ಮುಟ್ಟಿದ್ದು ಅದೇ ಮೊದಲು. ಕೆಸರು, ತುಕ್ಕು, ಒಳಗೆ ಪಾಚಿ. ಬೆರಳಿನಿಂದ ಕೆಳಗಿನವರೆಗೂ ತಡವಿದಳು. ತುದಿಯಲ್ಲಿ ನೀರು ಒಳಗೆ ಬರುವ ತೂತುಗಳಿದ್ದವು. ಕಿರುಬೆರಳಿನ ಉಗುರೂ ಹೋಗದಷ್ಟು ಸಣ್ಣ ತೂತು.

"ಸಿದ್ದ, ಇಷ್ಟು ಸಣ್ಣ ತೂತು ಯಾಕೆ?"

"ಅಲೆಗೆ," ಅಂದ. "ಒಂದು ಎಮ್ಮೆ ನೀರಿಗಿಳಿದರೂ ಡಬ್ಬಿ ಕುಣಿಯುತ್ತೆ. ಸುಳ್ಳು ಸುಳ್ಳೇ ಕೂಗಿಬಿಟ್ಟರೆ ಆಮೇಲೆ ಯಾರೂ ನಂಬಲ್ಲ. ತೂತು ಸಣ್ಣದಾದರೆ ಒಳಗಿನ ನೀರು ನಿಧಾನಕ್ಕೆ ಏರುತ್ತೆ. ಡಬ್ಬಿ ಕುಣಿಯಲ್ಲ."

"ನಿಧಾನಕ್ಕೆ ಅಂದರೆ? ಹೊರಗೆ ಹೊಳೆ ಏರಿದರೂ ಒಳಗೆ..."

"ಸ್ವಲ್ಪ ಹಿಂದೆ ಬೀಳುತ್ತೆ. ಸ್ವಲ್ಪ ಅಷ್ಟೇ. ಅದು ಪರವಾಗಿಲ್ಲ."

ದಾಕ್ಷಾಯಿಣಿಯ ಕೈ ಪೈಪಿನ ಮೇಲೆಯೇ ನಿಂತಿತು.

ಶಿವಸಿದ್ದ ಅವಳ ಪ್ರೋಗ್ರಾಮನ್ನು ಬೆರಳಿಟ್ಟು ಓದುತ್ತಿದ್ದ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ಒಂದು ಕಡೆ ಬೆರಳು ನಿಂತಿತು.

"ಇದೇನು? ಇಲ್ಲಿ ನೀರು ಏರಿದ ಮೇಲೂ ಪ್ರೋಗ್ರಾಮು ಕಾಯ್ತಾ ಇದೆಯಲ್ಲ. ಕಾಯ್ತಾ ಕಾಯ್ತಾ ಸರಾಸರಿ ತೆಗೀತಿದೆ."

"ಅಲೆಗೆ," ಅಂದಳು. "ಎಮ್ಮೆ ಇಳಿದರೆ ಸುಳ್ಳು ಕೂಗಬಾರದು ಅಂತ. ನೀರು ನಿಜವಾಗಿ ಏರಿದೆಯಾ ಅಂತ ಸ್ವಲ್ಪ ಹೊತ್ತು ನೋಡಿ ಆಮೇಲೆ..."

ಮಾತು ಅಲ್ಲೇ ಕಡಿದುಬಿತ್ತು.

ಇಬ್ಬರೂ ಒಂದೇ ಎಮ್ಮೆಗೆ ಹೆದರಿದ್ದರು. ಅವನು ಅದಕ್ಕೆಂದು ನೀರನ್ನು ತಡೆದ. ಅವಳು ಅದಕ್ಕೆಂದು ಕೂಗನ್ನು ತಡೆದಳು. ಒಬ್ಬರು ತಡೆದಿದ್ದರೆ ಸಾಕಿತ್ತು. ಇಬ್ಬರ ಎಚ್ಚರಿಕೆಯೂ ಒಂದರ ಮೇಲೊಂದು ಕೂತು, ಹೊಳೆ ಬಂದು ಹೋಗುವ ತನಕ ಸೈರನ್ನಿನ ಬಾಯಿ ಮುಚ್ಚಿತ್ತು.

ದಾಕ್ಷಾಯಿಣಿಗೆ ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ತಪ್ಪೇ ಇಲ್ಲ. ಎರಡು ಸರಿಗಳು ಸೇರಿ ಇಬ್ಬರನ್ನು ಮುಳುಗಿಸಲು ಹೊರಟಿದ್ದವು.

"ನೀನು ತೂತಿನ ವಿಷಯ ನನಗೆ ಯಾಕೆ ಹೇಳಲಿಲ್ಲ?" ಅವಳು ಹೆಚ್ಚುಕಡಿಮೆ ಕಿರುಚಿದಳು.

"ಯಾಕೆ ಹೇಳಲಿ?" ಶಿವಸಿದ್ದನೂ ಎದ್ದು ನಿಂತ. "ಅವತ್ತು ಡಬ್ಬಿ ಎತ್ತಿ ಹಿಡಿದಿದ್ದು ನಾನು. ಕೈ ಸೋತುಹೋಗೋ ತನಕ ಹಿಡಿದೆ, ಆಮೇಲೆ ಕೂಗಿತು. ಇದ್ಯಾಕೆ ಇಷ್ಟು ತಡ ಅಂತ ನಿನ್ನ ಕೇಳಿದೆ. ಏನಂದೆ ನೀನು? ನೆನಪಿದೆಯಾ?"

ಅವಳಿಗೆ ನೆನಪಿತ್ತು.

"ಅದೆಲ್ಲ ನಿನಗೆ ಅರ್ಥ ಆಗಲ್ಲ ಬಿಡು ಅಂದೆ," ಅಂದ ಅವನೇ. "ಸರಿ ಅಂತ ಬಿಟ್ಟೆ. ನನಗೆ ಅರ್ಥ ಆಗದೇ ಇದ್ದರೆ ಇವಳಿಗೆ ಪೈಪು ಯಾಕೆ ಅರ್ಥ ಆಗಬೇಕು ಅಂದುಕೊಂಡೆ. ಹಟಕ್ಕೇ ಹೇಳಲಿಲ್ಲ. ಹೌದು, ನಂದೂ ಹಟಾನೇ. ಅಯ್ಯನ ಕೈ ಮುರಿದಿದ್ದರಲ್ಲಿ ಅರ್ಧ ನಂದು."

ಹೊರಗೆ ಹೊಳೆಯ ಸದ್ದು.

"ಅರ್ಧ ಅಲ್ಲ," ಅಂದರು ಕಪನಯ್ಯ ಮಂಚದಿಂದಲೇ. "ಕೈ ಪೂರ್ತಿ ಮುರಿದಿದೆ."

ದಾಕ್ಷಾಯಿಣಿ ಮಂಚದ ಪಕ್ಕ ಕುಸಿದು ಕೂತಳು. ಹೇಳದಿದ್ದರೆ ಎದೆ ಒಡೆಯುತ್ತಿತ್ತು.

"ಬುದ್ಧಿ, ನಾನು ನೀರನ್ನ ನೋಡಿದೆ. ನಿಮ್ಮ ಹಿಂದೆ ಬರ್ತಿತ್ತು. ಕಣ್ಣಾರೆ ನೋಡಿದೆ."

"ಹ್ಞೂಂ."

"ಕೂಗಲಿಲ್ಲ."

"ಯಾಕೆ?"

"ಸೈರನ್ನು ಕೂಗಿರಲಿಲ್ಲ."

ಹೇಳಿದ ಮೇಲೆ ಅವಳಿಗೇ ಆ ಮಾತು ಕೇಳಿಸಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುಲಿದ ಅಂಗೈ ಉರಿಯಿತು.

ಕಪನಯ್ಯ ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ನೀವು ಮಾಡಿದ ಕೆಲಸ ಎರಡಾಗಿತ್ತು," ಅಂದರು. "ಬಂದ ಹೊಳೆ ಒಂದೇ."

ಆಮೇಲೆ ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನವೆಲ್ಲ ಇಬ್ಬರೂ ಜಗಳವಾಡಿದರು. ಅಲೆಯನ್ನು ತಡೆಯಬೇಕಾದದ್ದು ಪೈಪೋ ಪ್ರೋಗ್ರಾಮೋ? ತೂತು ದೊಡ್ಡದು ಮಾಡು ಅಂದಳು ಅವಳು. ಕಾಯುವುದನ್ನು ಕಿತ್ತುಹಾಕು ಅಂದ ಅವನು. ಪೂರ್ತಿ ಕಿತ್ತರೆ ಎಮ್ಮೆಗೂ ಕೂಗುತ್ತೆ ಅಂದಳು. ಎಮ್ಮೆಗೆ ಕೂಗಿದರೆ ಎಮ್ಮೆ ಕಾಯುವವನಾದರೂ ಬದುಕುತ್ತಾನೆ ಅಂದ. ನೀನು ಮೊಂಡ ಅಂದಳು. ನೀನು ಜಂಬಗಾತಿ ಅಂದ. ಅವಳು ಕೆಸರಿಗಿಳಿದು ಪೈಪು ಹಿಡಿದಳು, ಅವನು ತೂತು ಕೊರೆದ. ಅವನು ಲ್ಯಾಪ್‌ಟಾಪಿನ ಮುಂದೆ ಕೂತು ಕೇಳಿದ್ದಕ್ಕೆಲ್ಲ ಅವಳು ಉತ್ತರ ಹೇಳಿದಳು. ಪ್ರೋಗ್ರಾಮಿನ ಎರಡು ಕಡೆ ಅವಳಿಗೆ ಉತ್ತರ ಹೇಳಲಾಗಲಿಲ್ಲ. ಆ ಎರಡು ಕಡೆಯೂ ಅವಳೇ ತಿದ್ದಬೇಕಾಯಿತು.

ಕಪನಯ್ಯ ಕಣ್ಣು ಮುಚ್ಚಿಕೊಂಡೇ ಆ ಜಗಳವನ್ನು ಕೇಳಿದರು, ಸೊಗಸಾದ ಹಾಡು ಕೇಳುವವರ ಹಾಗೆ. ಅಷ್ಟು ದಿನ ಆಶ್ರಮದಲ್ಲಿ ಅವರಿಬ್ಬರ ನಡುವೆ ಇದ್ದದ್ದು ಬರೀ ಮರ್ಯಾದೆ.

ಬಿಸಿಲು ಇಳಿಯುವ ಹೊತ್ತಿಗೆ ಪೈಪು ಮತ್ತೆ ಹೊಳೆಯಲ್ಲಿ ನಿಂತಿತು. ಈ ಸಲ ಡಬ್ಬಿಯನ್ನು ಕೈಯಲ್ಲಿ ಎತ್ತಲಿಲ್ಲ. ಹಿತ್ತಲಿನಿಂದ ನೀರಿನ ಡ್ರಮ್ಮು ತಂದು ಪೈಪನ್ನು ಮೊದಲು ಅದರೊಳಗೆ ನಿಲ್ಲಿಸಿ, ಹೊಳೆ ಏರುವ ಹಾಗೆಯೇ ಬಿಂದಿಗೆಯಿಂದ ನೀರು ಸುರಿದು ನೋಡಿದ್ದರು. ನೀರು ಏರುತ್ತಿದ್ದಂತೆಯೇ ಸೈರನ್ನು ಕೂಗಿತ್ತು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ದಾಕ್ಷಾಯಿಣಿ ಮೆಟ್ಟಿಲ ಮೇಲೆ ಬಿದ್ದಿದ್ದ ಫೋನು ಎತ್ತಿಕೊಂಡಳು. ಗಾಜಿನ ಮೇಲೆ ಒಂದು ಬಿರುಕು. ಬಿರುಕಿನ ಹಿಂದೆ ಎರಡು ಗುಂಡಿ ಇನ್ನೂ ಬೆಳಗುತ್ತಿದ್ದವು. ಹೊತ್ತು ಮುಳುಗಲು ಇನ್ನೇನು ಸ್ವಲ್ಪವೇ ಬಾಕಿ.

"ಯಾವುದು?" ಅಂದ ಶಿವಸಿದ್ದ.

ಬೆಳಗ್ಗೆ ಅವಳಿಗೆ ಸೈನ್ಸ್ ಬೇಕಾಗಿದ್ದದ್ದು ಅದು ಮೇಲಿನದು ಅಂತ, ತಾನು ಕೆಸರು ಮುಟ್ಟಬೇಕಾಗಿಲ್ಲ ಅಂತ. ಈಗ ಅವಳ ಲಂಗದ ತುಂಬ ಕೆಸರು. ಮೇಲು ಕೆಳಗು ಅನ್ನುವುದು ಚೆನ್ನಾಜಮ್ಮನ ಬಟ್ಟೆಗಳ ಜೊತೆ ಕೊಚ್ಚಿಹೋಗಿತ್ತು. ಮಾವ ಹೇಳಿದ್ದು, ಅಪ್ಪ ಹೇಳಿದ್ದು, ಲೆಕ್ಚರರ್ರು ಹೇಳಿದ್ದು ಯಾವುದೂ ಉಳಿದಿರಲಿಲ್ಲ. ಕೊಚ್ಚಿಹೋಗದೆ ಉಳಿದದ್ದು ಒಂದೇ. ಅವಳಿಗೆ ಪ್ರೋಗ್ರಾಮು ಬರೆಯುವುದು ಇಷ್ಟ. ಮಧ್ಯಾಹ್ನ ಆ ಎರಡು ಕಡೆ ತಿದ್ದುವಾಗ, ಅಷ್ಟು ನಾಚಿಕೆಯಲ್ಲೂ, ಕೈ ಓಡಿತ್ತು.

ಅವಳು ಸೈನ್ಸನ್ನೇ ಒತ್ತಿದಳು.

ಬೆಳಗ್ಗೆ ಕೇಳಿದ್ದರೂ ಅದನ್ನೇ ಒತ್ತುತ್ತಿದ್ದಳು. ಬೆಳಗ್ಗೆಯೇ ಒತ್ತಿದ್ದರೆ ಅದು ಬೇರೆ ಹುಡುಗಿಯ ಬೆರಳಾಗುತ್ತಿತ್ತು.

ಶೆಡ್ಡಿನೊಳಕ್ಕೆ ಹೋದಳು. ಕಪನಯ್ಯ ಎದ್ದು ಕೂತಿದ್ದರು. ದಬ್ಬೆ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಂಡೆಯ ಕಡೆ ನೋಡುತ್ತಿದ್ದರು. ಹೊಳೆ ಆಚೆ ದಂಡೆಯ ತನಕ ಕೆಂಪಾಗಿತ್ತು.

"ಒತ್ತಿದೆ ಬುದ್ಧಿ," ಅಂದಳು.

"ಸರಿ."

ಅವಳು ಕಾದಳು.

"ಯಾವುದು ಒತ್ತಿದೆ, ಯಾಕೆ ಒತ್ತಿದೆ ಅಂತ ಕೇಳಲ್ವಾ?"

ಕಪನಯ್ಯ ಅವಳ ಕಡೆ ತಿರುಗಿದರು.

"ನನಗೆ ಹೇಳಬೇಡ. ನಾಳೆ ಬೆಳಗ್ಗೆ ಆ ಬಂಡೆ ಮೇಲೆ ಹೊಳೆಗೆ ಬೆನ್ನು ಹಾಕಿ ಕೂತ್ಕೊಂಡು, ಚೆನ್ನಾಜಮ್ಮನಿಗೆ ಹೇಳು."